ಎರೆಹೊಲ ಬಾಯಿ ಬಿಡುವುದೇಕೆ

ಭೂಮಿ ಆಗಿನ್ನೂ ಹೊಸದು. ಒಲೆಯಿಂದ ಈಗಷ್ಟೇ ಇಳಿಸಿದ ಗಡಿಗೆಯ ಹಾಗೆ ಹೊರಗೆ ಆರಿತ್ತು, ಒಳಗೆ ಕುದಿಯುತ್ತಿತ್ತು.

ಆ ಕುದಿಯ ಹೆಸರು ಲಾವಾ. ಕಲ್ಲೇ ಕರಗಿ ಅಂಬಲಿಯಾದರೆ ಹೇಗಿರುತ್ತದೋ ಹಾಗೆ. ಅಂಬಲಿ ಎಂದ ಕೂಡಲೇ ಬಾಯಿ ಚಪ್ಪರಿಸಬೇಡ. ಇದು ನಾವು ಕುಡಿಯುವ ಅಂಬಲಿಯಲ್ಲ, ನಮ್ಮನ್ನು ಕುಡಿಯುವ ಅಂಬಲಿ.

ಬೋಳುಗುಡ್ಡದ ತುದಿಯಲ್ಲಿ ಭೂಮಿತಾಯಿಗೆ ಒಂದು ಬಾಯಿ ಇತ್ತು. ಅಲ್ಲಿಂದ ಅವಳು ಉಸಿರು ಬಿಡುತ್ತಿದ್ದಳು. ಬುಸ್... ಬುಸ್... ಆ ಬಿಸಿಯುಸಿರಿಗೆ ಮೈ ಕಾಯಿಸಿಕೊಳ್ಳಲು ಹುಳ, ಹಕ್ಕಿ, ಪ್ರಾಣಿ ಎಲ್ಲರೂ ಗುಡ್ಡದ ಸುತ್ತ ಮನೆ ಮಾಡಿದ್ದರು. ಭೂಮಿತಾಯಿ ಅವರಿಗೆ ಹೇಳಿದ್ದು ಒಂದೇ ಮಾತು.

"ಎಲ್ಲಾ ನಿಮ್ಮದೇ. ನನ್ನ ಬಾಯಿ ಮಾತ್ರ ಮುಚ್ಚಬ್ಯಾಡ್ರಿ."

ಗುಡ್ಡದ ಬುಡದಲ್ಲಿ ಗೆದ್ದಲವ್ವನ ಮನೆ. ತೂತು ಕಂಡಲ್ಲಿ ಮಣ್ಣು ಮೆತ್ತದಿದ್ದರೆ ಅವಳಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ಗುಡ್ಡದ ಬಾಯಿಯಿಂದ ಬೂದಿ ಹಾರಿ ಬಂದು ಅವಳ ಮನೆಯ ಮೇಲೇ ಬೀಳುತ್ತಿತ್ತು.

"ನಿನ್ನೆ ಸಾರಿಸೀನಿ, ಇವತ್ತು ಮತ್ತ ಬೂದಿ!" ಎಂದು ಅವಳು ಸಿಡುಕಿದಳು. "ಆಕಿಗೇನು, ಕುಂತಲ್ಲೇ ಉಸಿರು ಬಿಡ್ತಾಳ. ಬಳಿಯಾಕಿ ನಾನು."

ಪಕ್ಕದ ಬಿಲದ ಮೊಲವ್ವನಿಗೆ ಒಂದೇ ಮರಿ. ಬುಸ್ ಎಂದಾಗಲೆಲ್ಲ ಅದು ಬೆಚ್ಚಿ ಏಳುತ್ತಿತ್ತು.

"ಖರೇ ಅಕ್ಕಾ," ಎಂದಳು ಮೊಲವ್ವ. "ನನ್ನ ಕೂಸಿಗೆ ಒಂದು ಗಳಿಗಿ ನಿದ್ದಿ ಇಲ್ಲ."

ಆ ಬಾಯಿ ಮುಚ್ಚಿಬಿಡಬೇಕೆಂದು ಇಬ್ಬರೂ ಹೊಳೆಯ ಹತ್ತಿರ ಹೋಗಿ ಕೆಸರು ಕೇಳಿದರು. ಯಾಕೆ ಎಂದು ಹೊಳೆ ಕೇಳಲಿಲ್ಲ. ಕೊಟ್ಟಿತು.

ಗಾಳಿಯಪ್ಪ ಓಡಿ ಬಂದ. "ಕುದಿಯೋ ಗಡಿಗಿ ಬಾಯಿ ಕಟ್ಟಿದರ ಏನಾಗ್ತದ, ಗೊತ್ತದನು?"

"ಒಂದು ದಿನ ಒಲಿ ಮುಂದ ಕೂಡದಾಂವ ಗಡಿಗಿ ಸುದ್ದಿ ನನಗ ಹೇಳ್ತೀಯಾ?" ಎಂದಳು ಗೆದ್ದಲವ್ವ. ಗಾಳಿಯಪ್ಪ ತಲೆ ತಗ್ಗಿಸಿ ಹೋದ.

ಮೊಲವ್ವ ಕೆಸರು ಹೊತ್ತಳು. ಗೆದ್ದಲವ್ವ ಮೆತ್ತಿದಳು. ಬಾಯಿ ಮುಚ್ಚಿತು. ಬುಸ್ ನಿಂತಿತು.

ಅವತ್ತು ಮರಿ ಚೆನ್ನಾಗಿ ಮಲಗಿತು. ಮಾರನೆಯ ದಿನ ನೆಲ ಬೆಚ್ಚಗಾಯಿತು. "ಹಾಸಿಗಿ ಕಾಸಿ ಇಟ್ಟಂಗ ಅದ," ಎಂದು ಮೊಲವ್ವ ನಕ್ಕಳು. ಆಮೇಲೆ ನೆಲ ಬಿಸಿಯಾಯಿತು. ಆಮೇಲೆ ಸುಡತೊಡಗಿತು. ಹಕ್ಕಿಗಳು ಯಾರಿಗೂ ಹೇಳದೆ ಹಾರಿಹೋದವು. ಗುಡ್ಡ ಹಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿತು. ಇನ್ನೂ ಉಬ್ಬಿತು. ಇನ್ನೂ ಉಬ್ಬಿತು.

ಒಡೆಯಿತು. ಮೆತ್ತಿದ ಬಾಯಿಯಲ್ಲ, ಗುಡ್ಡದ ಪಕ್ಕೆ.

ಲಾವಾ ಓಡಿ ಬರಲಿಲ್ಲ. ಕಣ್ಣು ಕಾಣದವರು ಗೋಡೆ ತಡವುತ್ತಾ ಬರುವ ಹಾಗೆ ಮೆಲ್ಲಗೆ, ಕೆಂಪಗೆ ಬಂತು. ಮರ ತಡವಿತು, ಮರವಿಲ್ಲ. ಪೊದೆ ತಡವಿತು, ಪೊದೆಯಿಲ್ಲ. ತಡೆಯಲು ಹೋದ ಹೊಳೆ ಚುಂಯ್ ಎಂದು ಹಬೆಯಾಗಿ ಹಾರಿತು.

ಮೊಲವ್ವ ಮೇವಿಗೆ ಹೋಗಿದ್ದಳು. ಅವಳು ಓಡಿ ಬರುವಷ್ಟರಲ್ಲಿ ಲಾವಾ ನಡುವೆ ಹರಿದಿತ್ತು. ಈ ಕಡೆ ತಾಯಿ. ಆ ಕಡೆ, ಒಂದು ದಿಬ್ಬದ ಮೇಲೆ, ಮರಿ.

ನೋಡುನೋಡುತ್ತಾ ಲಾವಾದ ಮೇಲೆ ಕಪ್ಪು ಕೆನೆ ಕಟ್ಟಿತು. "ಅವ್ವಾ, ಆರೇದ! ದಾಟಿ ಬರ್ಲಿ?" ಎಂದು ಮರಿ ಕಾಲೆತ್ತಿತು.

ಅಷ್ಟರಲ್ಲಿ ಒಂದು ಒಣಗಿದ ಎಲೆ ಆ ಕಪ್ಪಿನ ಮೇಲೆ ಬಿತ್ತು. ಭಗ್ಗೆಂದಿತು. ಕೆನೆ ಬಿರಿದು ಒಳಗಿನ ಕೆಂಪು ಇಣುಕಿತು.

"ಕಾಲು ಇಡಬ್ಯಾಡ!" ಮೊಲವ್ವ ಚೀರಿದಳು. "ಅಲ್ಲೇ ಇರು! ಲಾವಾ, ನಿಂತ್ಕೊಳವ್ವಾ, ನನಗ ಇರೋದು ಅದೊಂದೇ!"

"ನಿಲ್ಲಾಕ ನನಗ ಕಾಲೆಲ್ಲಿ ಅದಾವ?" ಎಂದಿತು ಲಾವಾ. "ಒಳಗ ಅವ್ವನ ಉಸಿರು ಕಟ್ಟೇದ. ಹಿಂದಿನಿಂದ ಅದೇ ನನ್ನ ನೂಕ್ತದ. ಆಕಿ ಬಾಯಿ ತೆಗೀರಿ, ನಾ ನಿಲ್ತೀನಿ." ಹಾಗೆನ್ನುತ್ತಲೇ ದಿಬ್ಬದ ಮೇಲಕ್ಕೆ ಏರತೊಡಗಿತು.

ಮೊಲವ್ವ ಪಕ್ಕಕ್ಕೆ ಓಡಿ ಬಂದಿದ್ದ ಗೆದ್ದಲವ್ವನ ಮುಖ ನೋಡಿದಳು. ಗೆದ್ದಲವ್ವ ತನ್ನ ಮಕ್ಕಳನ್ನೆಲ್ಲ ಕರೆದಳು. "ಮುಚ್ಚಿದವರು ನಾವೇ. ನಡೀರಿ," ಎಂದು ಸುಡುವ ನೆಲದೊಳಗೆ ತಾನೇ ಮೊದಲು ಇಳಿದಳು.

ಒಳಗಿಂದ ಕೊರೆದರು. ಇಲ್ಲೊಂದು ಬಿರುಕು, ಅಲ್ಲೊಂದು ಬಿರುಕು, ಬಯಲು ತುಂಬಾ ಬಿರುಕು. ಎಲ್ಲ ಬಿರುಕಿನಿಂದಲೂ ಭೂಮಿತಾಯಿ ಒಟ್ಟಿಗೇ ಉಸಿರು ಬಿಟ್ಟಳು. ಬುಸ್!

ಮರಿಯ ಮೀಸೆ ಸುಡುವಷ್ಟು ಹತ್ತಿರ ಬಂದಿದ್ದ ಲಾವಾ ಅಲ್ಲೇ ನಿಂತಿತು.

ಅದು ಪೂರ್ತಿ ಆರುವವರೆಗೆ ತಾಯಿ ಈ ಕಡೆ, ಮರಿ ಆ ಕಡೆ, ರೆಪ್ಪೆ ಮುಚ್ಚದೆ ಕೂತಿದ್ದರು. ನೆಲದೊಳಗೆ ಇಳಿದ ಗೆದ್ದಲುಗಳಲ್ಲಿ ಬಹಳ ಮಂದಿ ಹೊರಗೆ ಬರಲಿಲ್ಲ. ಗೆದ್ದಲವ್ವನೂ ಬರಲಿಲ್ಲ.

ಅಂದಿನಿಂದ ನಮ್ಮ ಸೀಮೆಯ ಮೊಲ ನೆಲದೊಳಗೆ ಬಿಲ ತೋಡುವುದಿಲ್ಲ, ಹುಲ್ಲಿನಲ್ಲೇ ಕಿವಿ ನಿಮಿರಿಸಿ ಮಲಗುತ್ತದೆ. ಆರಿದ ಲಾವಾ ಕರಿಕಲ್ಲಾಯಿತು. ಅದರೊಳಗೆ ಸಿಕ್ಕಿಕೊಂಡ ಉಸಿರೇ ಕಲ್ಲಿನ ಮೈಮೇಲಿನ ತೂತುಗಳು. ಆ ಕಲ್ಲು ಬಿಸಿಲು ಮಳೆಗೆ ಪುಡಿಯಾಗಿ ಕಪ್ಪು ಎರೆಮಣ್ಣಾಯಿತು.

ಬೇಸಿಗೆ ಬಂದರೆ ನಮ್ಮ ಎರೆಹೊಲ ನಿನ್ನ ಕಾಲು ಹೂತುಹೋಗುವಷ್ಟು ಅಗಲ ಬಾಯಿ ಬಿಡುತ್ತದಲ್ಲ, ಅದು ಭೂಮಿತಾಯಿ ಆ ದಿನವನ್ನು ಮರೆಯದೆ ಉಸಿರಿಗೆ ದಾರಿ ಇಟ್ಟುಕೊಂಡಿರುವುದು. ಅದಕ್ಕೇ ಹೇಳುತ್ತೇನೆ, ಆ ಬಿರುಕಿಗೆ ಕಲ್ಲು ತುಂಬಿ ಆಡಬೇಡ.