ಒಳಗಿನಿಂದ ಕಟ್ಟುವ ತಡಿಕೆ

"ಗುರುಗಳೇ, ಉಪಕಾರ ಪಡೆದವರಿಗೆ ಅದರ ನೆನಪು ಏಕಿರುವುದಿಲ್ಲ?" ಎಂದು ಚನ್ನವೀರಯ್ಯ ಕೇಳಿದ.

ಮಠದ ಹಿಂದಿನ ಬಯಲಿನ ಉಸ್ತುವಾರಿ ಅವನದು. ಊರಿನಲ್ಲೇ ದುಡಿದು, ಊರಿನಲ್ಲಿ ಮನೆ ಸಿಗದೆ, ತಮ್ಮ ಟೆಂಪೊ, ಗೂಡ್ಸ್ ಆಟೊಗಳಲ್ಲೇ ಸಂಸಾರ ಇಟ್ಟುಕೊಂಡಿದ್ದ ಕೆಲವು ಕೆಲಸಗಾರರು ರಾತ್ರಿ ಹೊತ್ತು ವಾಹನ ನಿಲ್ಲಿಸಿಕೊಳ್ಳಲಿ ಎಂದು ಮಠ ಆ ಬಯಲನ್ನು ಬಿಟ್ಟುಕೊಟ್ಟು ಒಂದು ತಿಂಗಳಾಗಿತ್ತು.

"ನೀರು ಕೊಟ್ಟಿದ್ದೇವೆ, ದೀಪ ಕೊಟ್ಟಿದ್ದೇವೆ. ನನ್ನನ್ನು ಕಂಡರೆ ಎದ್ದು ಕೈ ಮುಗಿಯುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಅದು ಬರೀ ಕೈ. ಮನಸ್ಸಿನಲ್ಲಿ ಏನೂ ಇದ್ದಂತೆ ಕಾಣುವುದಿಲ್ಲ" ಎಂದ.

ಗುರುಗಳು ನಕ್ಕರು. "ಕತೆ ಹೇಳುತ್ತೇನೆ, ಕೇಳು. ನಡುವೆ ಬಾಯಿ ಹಾಕಬೇಡ" ಎಂದು ಶುರು ಮಾಡಿದರು.

ಒಬ್ಬ ಕಮ್ಮಾರನಿದ್ದ. ಅವನಿಗೆ ಗಾಡಿಯೇ ಮನೆ. ಗಾಡಿಯ ಮೇಲೆ ಚಾಪೆಯ ಕಮಾನು, ಒಳಗೆ ಹೆಂಡತಿ, ಕಬ್ಬಿಣ ಬಡಿಯುವ ಅಡಿಗಲ್ಲು, ಗಾಳಿ ಊದುವ ತಿದಿ, ಎರಡು ಮಡಕೆ. ಹಗಲೆಲ್ಲ ಸಂತೆಮಾಳದ ಹುಣಸೆಮರದ ಕೆಳಗೆ ಕುಡುಗೋಲು ತಟ್ಟಿಕೊಡುತ್ತಿದ್ದ, ನೇಗಿಲಿನ ಗುಳ ಹದ ಮಾಡುತ್ತಿದ್ದ. ಊರಿನಲ್ಲಿ ಅವನ ಕೈ ತಾಗದ ಕತ್ತಿಯಿರಲಿಲ್ಲ. ಆದರೆ ಹೊತ್ತು ಮುಳುಗಿತೆಂದರೆ ಅದೇ ಊರಿಗೆ ಅವನು ಕಣ್ಣಿಗೆ ಬಿದ್ದ ಕಸ. ಕೆರೆ ಏರಿಯ ಮೇಲೆ ನಿಂತರೆ ನೀರುಗಂಟಿ ಬಂದು ಎಬ್ಬಿಸುತ್ತಿದ್ದ. ಗುಡಿಯ ಮುಂದೆ ನಿಂತರೆ ಪೂಜಾರಿ. ದಾರಿಯಲ್ಲಿ ನಿಂತರೆ ತಳವಾರ. ಮುಂದೆ ಹೋಗು ಎಂದು ಎಲ್ಲರೂ ಹೇಳುತ್ತಿದ್ದರು. ಎಲ್ಲಿಗೆ ಎಂದು ಯಾರೂ ಹೇಳುತ್ತಿರಲಿಲ್ಲ.

ಆದ್ದರಿಂದ ಕಮ್ಮಾರ ರಾತ್ರಿ ನೊಗ ಇಳಿಸುವುದನ್ನೇ ಬಿಟ್ಟಿದ್ದ. ಎತ್ತುಗಳು ಹೂಡಿದಂತೆಯೇ ನಿಂತಿರುತ್ತಿದ್ದವು. ಮಲಗಿ ಮೆಲುಕು ಹಾಕದ ಎತ್ತು ಎಷ್ಟು ದಿನ ಬಾಳೀತು? ಎಡಗಡೆಯ ಎತ್ತಿನ ಹೆಗಲಿಗೆ ಹುಣ್ಣಾಯಿತು. ಕಮ್ಮಾರ ಬೇವಿನೆಣ್ಣೆ ಸವರಿದ, ಅರಿಸಿನ ಮೆತ್ತಿದ. ಹಗಲು ಒಣಗಿದ್ದು ಬೆಳಗಾಗುವುದರೊಳಗೆ ಮತ್ತೆ ಹಸಿಯಾಗುತ್ತಿತ್ತು. ಎತ್ತು ಬಿದ್ದರೆ ಮನೆ ಬಿದ್ದಂತೆ. ಅದು ಅವನಿಗೂ ಗೊತ್ತಿತ್ತು, ಅವನ ಹೆಂಡತಿಗೂ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ.

ಒಂದು ದಿನ ಒಬ್ಬ ರೈತ ಕುಡುಗೋಲು ತಟ್ಟಿಸಲು ಬಂದವನು ಆ ಹುಣ್ಣನ್ನು ನೋಡಿದ. ದನ ಕಟ್ಟಿದವನಿಗೆ ಅಷ್ಟು ಸಾಕು.

"ಊರ ಹೊರಗೆ ನಮ್ಮ ಕಣ ಇದೆ. ಸುಗ್ಗಿ ಮುಗಿದು ಖಾಲಿ ಬಿದ್ದಿದೆ. ದಿನಾ ಸಂಜೆ ಅಲ್ಲಿಗೇ ಗಾಡಿ ಹೊಡ್ಕೊಂಡು ಬಾ. ಯಾರೂ ನಿನ್ನ ಎಬ್ಬಿಸೋದಿಲ್ಲ" ಎಂದ.

ಕಮ್ಮಾರನಿಗೆ ಕಣ್ಣಲ್ಲಿ ನೀರು ಬಂತು. ಕಣಕ್ಕೆ ಸುತ್ತಲೂ ಮುಳ್ಳುಬೇಲಿ, ಒಳಗೆ ಹೋಗಲು ಒಂದು ತಡಿಕೆಯ ಬಾಗಿಲು. ನೆಲ ಸಗಣಿ ಸಾರಿಸಿ ಅಂಗೈಯಷ್ಟು ನುಣ್ಣಗಿತ್ತು. ಕಬ್ಬಿಣದ ಪಟ್ಟಿಯ ಗಾಲಿ ಅದರ ಮೇಲೆ ಉರುಳಿದರೆ ಮುಂದಿನ ಸುಗ್ಗಿಗೆ ಮತ್ತೆ ಕಣ ಮಾಡಬೇಕು. ರೈತ ಅದನ್ನು ಅರಿತೇ ಒಪ್ಪಿದ್ದ.

ರೈತ ಒಳ್ಳೆಯವನು, ನಿನ್ನ ಹಾಗೆ. ಬಿಟ್ಟುಕೊಟ್ಟೆ ಎಂದು ಕೈ ತೊಳೆದುಕೊಳ್ಳಲಿಲ್ಲ. ದಿನಾ ಊಟ ಮುಗಿಸಿ, ಕೋಲು ಹಿಡಿದು ಕಣಕ್ಕೆ ಬರುತ್ತಿದ್ದ. ತಡಿಕೆ ತಳ್ಳಿ ಒಳಗೆ ಬಂದು, ಎಲ್ಲ ಸರಿಯಾಗಿದೆಯೇ ಎಂದು ವಿಚಾರಿಸುತ್ತಿದ್ದ. ಕಮ್ಮಾರ ದಡಕ್ಕನೆ ಎದ್ದು ಕೈ ಮುಗಿಯುತ್ತಿದ್ದ. ಹೆಂಡತಿ ಸೆರಗು ಎಳೆದುಕೊಂಡು ಗಾಡಿಯ ಒಳಗೆ ಸರಿಯುತ್ತಿದ್ದಳು. ಹತ್ತು ದಿನ ಹೀಗೇ ನಡೆಯಿತು.

ಹತ್ತನೆಯ ದಿನ ರೈತನಿಗೆ ಕಂಡಿತು: ಎತ್ತುಗಳು ಇನ್ನೂ ನೊಗದಲ್ಲೇ ಇವೆ. ಗಾಡಿಯ ಮೂಕಿ ದಾರಿಯ ಕಡೆಗೇ ತಿರುಗಿದೆ. ಹುಣ್ಣು ಇನ್ನಷ್ಟು ಅಗಲವಾಗಿದೆ. ಅವನಿಗೆ ಬೇಸರವಾಯಿತು. ಇಷ್ಟು ಮಾಡಿದರೂ ನನ್ನ ಮೇಲೆ ನಂಬಿಕೆ ಇಲ್ಲವೇ ಎಂದು ಕೇಳಿಯೇ ಬಿಟ್ಟ.

"ನಿಮ್ಮನ್ನ ನಂಬಿಲ್ಲ ಅಂತಲ್ಲ ಯಜಮಾನ್ರೇ" ಎಂದ ಕಮ್ಮಾರ. "ಹುಟ್ಟಿದಾಗಿನಿಂದ ಹೆಜ್ಜೆ ಸಪ್ಪಳ ಬಂದದ್ದೆಲ್ಲ ಏಳು ಅನ್ನೋಕೇ. ನಿಮ್ಮ ಹೆಜ್ಜೆ ಯಾವುದು, ಅವರ ಹೆಜ್ಜೆ ಯಾವುದು, ಮಲಗಿದವನಿಗೆ ತಿಳಿಯೋದಿಲ್ಲ."

ರೈತ ಕೋಲನ್ನು ಕೆಳಗಿಟ್ಟ. ಆಮೇಲೆ ತಡಿಕೆಯ ಹತ್ತಿರ ಹೋದ. ಅದರ ಹಗ್ಗ ಹೊರಗಿನಿಂದ ಕಟ್ಟುವ ಹಾಗಿತ್ತು. ಅದನ್ನು ಬಿಚ್ಚಿ, ಒಳಗಿನಿಂದ ಕಟ್ಟುವ ಹಾಗೆ ಮಾಡಿದ. ಕೋಲು ಎತ್ತಿಕೊಂಡು ಮನೆಗೆ ಹೋದ.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ, ಗುಳ ಹದ ಮಾಡಿಸಬೇಕಾಗಿದ್ದರಿಂದ ಬಂದ. ಬೇಲಿಯ ಹೊರಗೇ ಚಪ್ಪಲಿ ಬಿಟ್ಟ. ಕಣದಲ್ಲಿ ರಾಶಿ ಇರುವಾಗ ಚಪ್ಪಲಿ ಬಿಡುವುದು ರೂಢಿ. ಆಗ ರಾಶಿ ಇರಲಿಲ್ಲ, ಆದರೂ ಬಿಟ್ಟ. ತಡಿಕೆಯ ಆಚೆ ನಿಂತು, "ಒಳಗೆ ಬರಬಹುದೇ?" ಎಂದು ಕೇಳಿದ.

ಕಮ್ಮಾರನ ಹೆಂಡತಿ ಒಲೆಯ ಮುಂದಿದ್ದಳು. ಗಂಡ ಗಾಡಿಯ ಕೆಳಗೆ ಗೊರಕೆ ಹೊಡೆಯುತ್ತಿದ್ದ. ಅವಳು ಗಂಡನ ಕಡೆ ನೋಡಿದಳು, ರೈತನ ಕಡೆ ನೋಡಿದಳು.

"ಇನ್ನೂ ಎದ್ದಿಲ್ಲ ಯಜಮಾನ್ರೇ. ಒಂದಿಷ್ಟು ಹೊತ್ತು ಬಿಟ್ಟು ಬನ್ನಿ" ಎಂದಳು.

ರೈತ ಹಿಂದಿರುಗಿದ. ಸ್ವಂತ ಕಣದಿಂದ ವಾಪಸು ಕಳಿಸಿಕೊಂಡು ಬಂದವನ ಮುಖ ನೋಡಿದರೆ ಸ್ವರ್ಗಕ್ಕೆ ಮೂರೇ ಗೇಣು ಎನ್ನುವ ಹಾಗಿತ್ತು.

ಬಿಸಿಲು ಮೈಗೆ ತಾಗಿ ಕಮ್ಮಾರ ಎದ್ದ. ಹೆಂಡತಿ ನಡೆದದ್ದನ್ನು ಹೇಳಿದಾಗ ಅವನ ಜೀವ ಬಾಯಿಗೆ ಬಂತು. ಆಶ್ರಯ ಕೊಟ್ಟವನನ್ನೇ ಬಾಗಿಲಿನಿಂದ ಕಳಿಸಿದೆಯಾ ಎಂದು ಅವಳನ್ನು ಬೈದ. ಗಾಡಿ ಹೂಡಬೇಕೆಂದು ಎತ್ತಿನ ಕಡೆ ತಿರುಗಿದ. ನೊಗ ನೆಲದ ಮೇಲಿತ್ತು. ಎರಡು ರಾತ್ರಿಯಿಂದ ತಾನೇ ಇಳಿಸುತ್ತಿದ್ದ, ಅದು ಗಮನಕ್ಕೆ ಬಂದದ್ದೇ ಈಗ. ಎಡಗಡೆಯ ಎತ್ತು ಕಾಲು ಮಡಚಿ ಮಲಗಿ, ಕಣ್ಣು ಅರೆ ಮುಚ್ಚಿ ಮೆಲುಕು ಹಾಕುತ್ತಿತ್ತು. ಹುಣ್ಣಿನ ಅಂಚಿನಲ್ಲಿ ಹಕ್ಕಳೆ ಕಟ್ಟಿತ್ತು. ಕಮ್ಮಾರ ಅದರ ಪಕ್ಕದಲ್ಲೇ ಕುಸಿದು ಕುಳಿತು ಅತ್ತ.

ಆಮೇಲೆ ರೈತನ ಮನೆಗೆ ಓಡಿದ. ಕಾಲಿಗೆ ಬೀಳಲು ಬಾಗಿದವನ ತೋಳನ್ನು ರೈತ ಹಿಡಿದುಕೊಂಡ.

"ಹತ್ತು ದಿನ ಕೈ ಮುಗಿದೆಯಲ್ಲ, ಅದು ನನಗಲ್ಲ, ನನ್ನ ಕೋಲಿಗೆ" ಎಂದ. "ಇವತ್ತು ನನ್ನನ್ನ ವಾಪಸು ಕಳಿಸಿದ್ರಿ ನೋಡು, ನಾನು ಕೊಟ್ಟದ್ದು ನಿಮಗೆ ಮುಟ್ಟಿತು. ನಾನೇ ನಿಮಗೆ ಋಣಿ."

ಇಬ್ಬರೂ ಜಗುಲಿಯ ಮೇಲೆ ಕುಳಿತು ಮಜ್ಜಿಗೆ ಕುಡಿದರು. ಗುಳದ ಕೆಲಸ ಮರುದಿನಕ್ಕೆ ಹೋಯಿತು.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರಯ್ಯನ ಮನಸ್ಸು ತುಂಬಿ ಬಂದಿತ್ತು.

"ಎಂಥ ಕಮ್ಮಾರ, ಗುರುಗಳೇ. ನಮ್ಮ ಬಯಲಿಗೂ ಅಂಥವನೊಬ್ಬ ಬಂದಿದ್ದರೆ ನಾನೂ ಧನ್ಯನಾಗುತ್ತಿದ್ದೆ" ಎಂದ.

ಗುರುಗಳು ಅವನನ್ನು ಪ್ರೀತಿಯಿಂದ ನೋಡಿ ಹೇಳಿದರು: "ನಿನ್ನೆ ಸಂಜೆ ಬಯಲಿಗೆ ಹೋಗಿದ್ದೆಯಲ್ಲ ಚನ್ನವೀರಯ್ಯ, ಯಾರನ್ನು ಕೇಳಿ ಒಳಗೆ ಹೋದೆ?"