ಹರಿಯದ ಟಿಕೆಟ್ಟು

“ಅವ್ವಾ, ನಿಮ್ಮ ಗುರುಗಳ ಪಾಠಕ್ಕೆ ಅಂಗಳ ತುಂಬುತ್ತಿತ್ತಂತೆ. ನಿಮ್ಮ ಹತ್ತಿರ ನಾವು ಏಳು ಜನ. ಪಕ್ಕದ ಊರಿನಲ್ಲಿ ಒಬ್ಬರ ಪಾಠಕ್ಕೆ ಪೆಂಡಾಲು ಹಾಕುತ್ತಿದ್ದಾರೆ. ಇವುಗಳಲ್ಲಿ ದೊಡ್ಡದು ಯಾವುದು?” ಎಂದು ಶಿಷ್ಯ ಕೇಳಿದ.

ತತ್ವಪದ ಹೇಳಿಕೊಡುವ ಅವ್ವ ಬೆಳಗಿನಿಂದ ಹಾಡಿ ದಣಿದಿದ್ದರು. “ಇದನ್ನು ಕೇಳಿದವರಲ್ಲಿ ನೀನು ಎಷ್ಟನೆಯವನೋ. ಕೂತುಕೋ” ಎಂದು ಗೋಡೆಗೆ ಒರಗಿ ಹೇಳತೊಡಗಿದರು.

ಒಂದು ಪಟ್ಟಣದಲ್ಲಿ ಒಬ್ಬ ಮುದುಕನಿದ್ದ. ಪ್ರಾಯದಲ್ಲಿ ಡೇರೆ ಹಾಕಿ ಸಿನಿಮಾ ತೋರಿಸುತ್ತಿದ್ದವನು. ಒಂದು ಸಿನಿಮಾವನ್ನು ನೂರ ಹತ್ತು ದಿನ ಓಡಿಸಿದ್ದ. ಡೇರೆ ಇದ್ದ ಜಾಗದಲ್ಲಿ ಈಗ ಬಸ್ಸುಗಳು ನಿಲ್ಲುತ್ತವೆ. ಅವನ ಗುರುತು ಊರಿನಲ್ಲಿ ಎಲ್ಲಿಯೂ ಉಳಿದಿರಲಿಲ್ಲ.

ಅದೇ ಊರಿನಲ್ಲಿ ಒಬ್ಬ ವ್ಯಾಪಾರಿ ನಾಲ್ಕು ಪರದೆಯ ಹೊಸ ಥಿಯೇಟರ್ ಕಟ್ಟಿದ. ಅಲ್ಲಿ ಒಂದು ಸಿನಿಮಾ ಮೂರು ವಾರ ತುಂಬಿ ನಡೆಯಿತು. ಆಗ ಊರವರು, ಈ ಊರಿನಲ್ಲಿ ಅತಿ ಹೆಚ್ಚು ಜನ ನೋಡಿದ ಸಿನಿಮಾ ತೋರಿಸಿದವನ ಹೆಸರನ್ನು ಹಿತ್ತಾಳೆ ಫಲಕದಲ್ಲಿ ಕೆತ್ತಿಸಿ ಚೌಕದಲ್ಲಿ ಹಾಕಬೇಕೆಂದು ತೀರ್ಮಾನಿಸಿದರು. ಮುದುಕ ಎದ್ದು ನಡೆಯಲಾರ. ಅವನನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಸಭೆಗೆ ಹೊತ್ತು ತಂದರು. ಸಾಯುವ ಮೊದಲು ಆ ಫಲಕದಲ್ಲಿ ತನ್ನ ಹೆಸರೊಂದನ್ನು ಕಣ್ಣಾರೆ ನೋಡಬೇಕೆಂದಿದ್ದ.

“ನಮ್ಮದು ಒಂದೂವರೆ ಕೋಟಿ” ಎಂದ ವ್ಯಾಪಾರಿ.

ತೀರ್ಪು ಹೇಳಲು ಒಬ್ಬ ನಿವೃತ್ತ ಮಾಸ್ತರರನ್ನು ಕೂರಿಸಿದ್ದರು. “ರೂಪಾಯಿ ಬೇಡ. ಅಂದು ನಾಲ್ಕಾಣೆ, ಇಂದು ಇನ್ನೂರು. ಅದನ್ನೂ ಇದನ್ನೂ ಒಂದೇ ತಕ್ಕಡಿಗೆ ಹಾಕಲಾಗದು. ತಲೆ ಎಣಿಸೋಣ” ಎಂದರು.

ಮುದುಕ ಬಹಳ ದಿನಗಳ ಮೇಲೆ ನಕ್ಕ. ಗೆದ್ದೆನೆಂದೇ ತಿಳಿದ. ಟ್ರಂಕಿನಲ್ಲಿ ಕಾಪಾಡಿಟ್ಟಿದ್ದ ತೆರಿಗೆಯ ಪುಸ್ತಕವನ್ನು ತಾನೇ ಮುಂದೆ ಚಾಚಿದ. ವ್ಯಾಪಾರಿಯದು ಎಪ್ಪತ್ತೈದು ಸಾವಿರ ಟಿಕೆಟ್ಟು. ಮುದುಕನ ಪುಸ್ತಕದಲ್ಲಿ ಐವತ್ತೊಂದು ಸಾವಿರ.

“ಸುಳ್ಳು! ದಿನಾ ಡೇರೆ ಬಿರಿಯುವಷ್ಟು ಜನ!”

“ಕೆಳಗೆ ನಿಮ್ಮದೇ ರುಜು ಇದೆಯಲ್ಲ, ಯಜಮಾನರೇ” ಎಂದ ವ್ಯಾಪಾರಿ.

ಆಗ ಮುದುಕನಿಗೆ ನೆನಪಾಯಿತು. ಅಂದು ಸರ್ಕಾರದ ತೆರಿಗೆ ಪ್ರತಿ ಟಿಕೆಟ್ಟಿನ ಮೇಲಿತ್ತು. ಟಿಕೆಟ್ಟನ್ನು ಹರಿಯಬೇಡವೆಂದು ಅವನು ಬಾಗಿಲಿನವನಿಗೆ ಹೇಳಿದ್ದ. ಬಾಗಿಲಿನವನು ಇಡೀ ಟಿಕೆಟ್ಟನ್ನು ಇಸಿದುಕೊಂಡು ಟಿಕೆಟ್ಟು ಮಾರುವ ಕಿಟಕಿಗೆ ವಾಪಸು ಕೊಡುತ್ತಿದ್ದ. ಒಂದೇ ಟಿಕೆಟ್ಟು ಮೂವರಿಗೆ ಮಾರಾಟವಾಗುತ್ತಿತ್ತು. ಪುಸ್ತಕಕ್ಕೆ ಒಬ್ಬರೇ. ಜನರನ್ನು ನೆನಪಿಟ್ಟುಕೊಂಡ ಮುದುಕ, ಅವರನ್ನು ಬಚ್ಚಿಟ್ಟದ್ದನ್ನು ಮರೆತಿದ್ದ.

ಆ ಬಾಗಿಲಿನವನೂ ಸಭೆಯಲ್ಲಿ ಕೂತಿದ್ದ. ಮುದುಕ ಅವನ ಕಡೆ ತಿರುಗಿದ.

“ಫಕೀರಪ್ಪಾ, ನೀನಾದರೂ ಹೇಳೋ. ಎಷ್ಟು ಜನ ಬಂದಿದ್ದರು?”

“ಏನಂತ ಹೇಳಲಿ ಧಣಿ? ಅಧಿಕಾರಿ ಬಂದಾಗಲೆಲ್ಲ ಇಷ್ಟೇ ಜನ ಅಂತ ನಿಮಗಾಗಿ ಆಣೆ ಇಟ್ಟೆ, ಅದೂ ಮಕ್ಕಳ ಮೇಲೆ. ಈಗ ಇನ್ನೊಂದು ಆಣೆಗೆ ನನ್ನಲ್ಲಿ ಬಾಯಿ ಉಳಿದಿಲ್ಲ.”

ಮಾಸ್ತರರು ಪೆನ್ನು ಹಿಡಿದು ಕಾದರು. “ಯಜಮಾನರೇ, ಆಗಿನ ಡೇರೆಗಳಲ್ಲಿ ಒಂದೇ ಟಿಕೆಟ್ಟು ಮೂವರಿಗೆ ಹೋಗುತ್ತಿತ್ತೆಂದು ನಾನೂ ಕೇಳಿದ್ದೇನೆ. ನೀವೇ ಹೇಳಿದರೂ ಸಾಕು. ಒಂದು ಟಿಕೆಟ್ಟನ್ನು ಮೂರು ಸಲ ಮಾರಿದೆ ಎಂದು ಬರೆದುಕೊಳ್ಳುತ್ತೇನೆ. ಫಲಕ ನಿಮ್ಮದೇ ಆಗುತ್ತದೆ. ಬರೆಯಲೇ?”

ಕಳ್ಳನೆಂದು ಒಪ್ಪಿದರೆ ಹೆಸರು ಉಳಿಯುತ್ತದೆ. ಮುದುಕ ತನ್ನ ರುಜುವನ್ನೇ ನೋಡುತ್ತಾ ಕೂತ. ಆಮೇಲೆ ಪುಸ್ತಕ ಮುಚ್ಚಿದ.

“ಬೇಡ. ಬಂದವರು ಅಷ್ಟೇ ಜನ” ಎಂದ.

ಅವನನ್ನು ಕುರ್ಚಿಯಲ್ಲಿಯೇ ಮನೆಗೆ ಹೊತ್ತು ಒಯ್ದರು. ಫಲಕದಲ್ಲಿ ವ್ಯಾಪಾರಿಯ ಹೆಸರು ಬಂತು.

ಅವ್ವ ಕತೆ ನಿಲ್ಲಿಸಿ ನೀರು ಕುಡಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. “ಹಾಗಾದರೆ ಪುಸ್ತಕಕ್ಕೆ ಬಾರದೆ ಉಳಿದ ಒಂದು ಲಕ್ಷ ಜನ? ಅವರು ಬರಲೇ ಇಲ್ಲ ಎಂದಾಯಿತೇ, ಅವ್ವಾ?”

ಅವ್ವ ಕಣ್ಣು ಮುಚ್ಚಿಕೊಂಡೇ ಹೇಳಿದರು: “ಆ ಡೇರೆಯಲ್ಲಿ, ಹೆಂಗಸರ ಕಡೆ, ನೆಲದ ಮೇಲೆ ನಾನೂ ಕೂತು ನೋಡಿದ್ದೇನೆ.”