ಬಿಚ್ಚದ ಕುಲಾವಿ

ನದಿ ದಂಡೆಯ ಆಶ್ರಮದಲ್ಲಿ ಮಕ್ಕಳ ಆಸ್ಪತ್ರೆಯೊಂದಿತ್ತು. ಅಲ್ಲಿನ ಹಿರಿಯ ವೈದ್ಯರನ್ನು ಎಲ್ಲರೂ ಗುರುಗಳು ಎನ್ನುತ್ತಿದ್ದರು. ಶಿಷ್ಯ ನಿರಂಜನ ಆಗಷ್ಟೇ ಓದು ಮುಗಿಸಿ ಬಂದವನು. ಬಲು ಚುರುಕು. ಆ ಚುರುಕು ಅವನಿಗೂ ಚೆನ್ನಾಗಿ ಗೊತ್ತಿತ್ತು.

ಒಂದು ಬೆಳಗ್ಗೆ ಸಾಕಮ್ಮ ಎಂಬ ತಾಯಿ ಜ್ವರದ ಕೂಸನ್ನು ಎತ್ತಿಕೊಂಡು ಬಂದಳು. ಜೊತೆಗೆ ಅವಳ ಅತ್ತೆಯೂ ಇದ್ದಳು.

“ಹಾಲೆಲ್ಲ ಕಕ್ತದೆ ಸ್ವಾಮಿ. ಎತ್ಕಂಡ್ರೆ ಇನ್ನೂ ಜಾಸ್ತಿ ಕಿರುಚ್ತದೆ, ಕೆಳಗೆ ಮಲಗಿಸಿದ್ರೆ ಸುಮ್ಕಾಯ್ತದೆ” ಎಂದಳು ಸಾಕಮ್ಮ.

“ಎತ್ಕೊಂಡ್ರೆ ಅಳೋ ಮಗೂನ ಇವತ್ತೇ ನೋಡ್ತಿರೋದು” ಎಂದು ನಿರಂಜನ ನಕ್ಕ.

ಎದೆ, ಕಿವಿ, ಗಂಟಲು ನೋಡಿದ. ಕತ್ತು ಬಗ್ಗಿಸಿದ, ಸಲೀಸಾಗಿ ಬಗ್ಗಿತು. ತಲೆಯ ಮೇಲಿನ ಕುಲಾವಿಗೆ ಕೈ ಹಾಕಿದಾಗ ಅಜ್ಜಿ ತಡೆದಳು.

“ಬ್ಯಾಡ ಸ್ವಾಮಿ, ನೆತ್ತಿಗೆ ಗಾಳಿ ಬಡೀತದೆ.”

ಅವನು ಕೈ ಹಿಂದಕ್ಕೆ ತೆಗೆದ. ಜ್ವರದ ಔಷಧಿ ಕೊಟ್ಟು ಕಳಿಸಿದ.

ಸಂಜೆ ಅದೇ ಕೂಸು ಫಿಟ್ಸ್ ಬಂದು ಸೆಟೆದುಕೊಂಡು ವಾಪಸ್ಸು ಬಂತು.

ಗುರುಗಳು ಮೊದಲು ಫಿಟ್ಸ್ ನಿಲ್ಲಿಸಿದರು. ಆಮೇಲೆ ಎದ್ದು ಕಿಟಕಿ ಮುಚ್ಚಿದರು.

“ಇನ್ನು ಗಾಳಿ ಬರಲ್ಲ ಅಜ್ಜಿ. ಕುಲಾವಿ ನೀವೇ ಬಿಚ್ಚಿ.”

ಅಜ್ಜಿ ಮರುಮಾತಿಲ್ಲದೆ ಬಿಚ್ಚಿದಳು. ಗುರುಗಳು ನಿರಂಜನನ ಬೆರಳು ಹಿಡಿದು ಕೂಸಿನ ನೆತ್ತಿಯ ಮೇಲಿಟ್ಟರು. ಮೆತ್ತಗಿರಬೇಕಾದ ಜಾಗ ಉಬ್ಬಿ ಬಿಗಿದುಕೊಂಡಿತ್ತು.

“ಮಿದುಳಿನ ಪೊರೆಗೆ ಸೋಂಕು” ಎಂದರು ಗುರುಗಳು.

“ಕತ್ತು ಬಗ್ಗಿತ್ತಲ್ಲ ಗುರುಗಳೇ!”

“ಇಷ್ಟು ಎಳೇ ಮಕ್ಕಳಲ್ಲಿ ಕತ್ತಿನ ಮಾತು ನಂಬಬಾರದು. ಎತ್ತಿಕೊಂಡರೆ ಕಿರುಚೋದೂ ಇದೇ ನೋವಿಗೆ.”

“ಬೆನ್ನಿನ ನೀರು ತೆಗೆದು ಖಾತ್ರಿ ಮಾಡ್ಕೊಳ್ಳಲೇ?”

“ಈಗ ಮಗು ಅದನ್ನು ತಡೆದುಕೊಳ್ಳಲ್ಲ. ರಕ್ತ ತಗೊಂಡು ಆಂಟಿಬಯೋಟಿಕ್ ಶುರು ಮಾಡು. ಆಗಲೇ ತಡವಾಗಿದೆ.”

ಮರುದಿನ ಕೂಸು ಸುಧಾರಿಸಿಕೊಂಡ ಮೇಲೆ ಬೆನ್ನಿನ ನೀರು ತೆಗೆದರು. ತಿಳಿಯಾಗಿರಬೇಕಾದದ್ದು ಅಕ್ಕಿ ತೊಳೆದ ನೀರಿನಂತಿತ್ತು. ನಿರಂಜನ ಆ ಸೀಸೆಯ ಕಡೆ ನೋಡಲಾರದೆ ಹೋದ.

“ಅಜ್ಜಿಯ ನಂಬಿಕೆಗೆ ಮರ್ಯಾದೆ ಕೊಟ್ಟೆ ಗುರುಗಳೇ” ಎಂದ.

“ಮರ್ಯಾದೆಯೋ, ಅವಸರವೋ?”

ಕೂಸು ಮೊದಲು ಬಂದ ಬೆಳಗ್ಗೆ ಹೊರಗೆ ರೋಗಿಗಳ ಸಾಲು ಉದ್ದವಿತ್ತು.

ದಿನ ಕಳೆದಂತೆ ಜ್ವರ ಇಳಿಯಿತು. ಕೂಸು ಹಾಲು ಕುಡಿಯತೊಡಗಿತು. ಸಾಕಮ್ಮ ನಿರಂಜನನ ಕಾಲಿಗೆ ಬಿದ್ದಳು.

“ನನ್ ಕೂಸನ್ನ ಉಳಿಸ್ಕೊಟ್ರಿ ಸ್ವಾಮಿ. ನೀವೇ ದೇವ್ರು.”

ನಿರಂಜನನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಆದರೂ ತನ್ನ ತಪ್ಪನ್ನು ಹೇಳಿಕೊಳ್ಳಲಿಲ್ಲ. ಅದು ಅವನಿಗೆ ಇನ್ನೂ ಹೆಚ್ಚಿನ ನಾಚಿಕೆ ತಂದಿತು.

ಮನೆಗೆ ಕಳಿಸುವ ಮುಂಚೆ ಗುರುಗಳು ಕೂಸಿನ ಬೆನ್ನ ಹಿಂದೆ ನಿಂತು ಗಂಟೆ ಬಾರಿಸಿದರು. ಕೂಸು ತಿರುಗಲಿಲ್ಲ. ಪಟ್ಟಣದಲ್ಲಿ ಮೆಷಿನ್ ಇಟ್ಟು ಪರೀಕ್ಷಿಸಿದರೂ ಅದೇ ಉತ್ತರ ಬಂತು. ಸೋಂಕಿಗೆ ಎರಡೂ ಕಿವಿ ಹೋಗಿದ್ದವು.

“ತಾಯಿಗೆ ನೀನೇ ಹೇಳು” ಎಂದರು ಗುರುಗಳು.

“ಕಿವಿಯ ವಿಚಾರವೇ?”

“ಕುಲಾವಿಯದ್ದೂ.”

ನಿರಂಜನ ಹೋಗಿ ಎಲ್ಲವನ್ನೂ ಹೇಳಿದ. ಸಾಕಮ್ಮ ಕೇಳಿದಳು.

“ಅವತ್ತು ಬೆಳಗ್ಗೇನೇ ಬಿಚ್ಚಿದ್ದಿದ್ರೆ ಗೊತ್ತಾಗ್ತಿತ್ತಾ ಸ್ವಾಮಿ?”

“ಗೊತ್ತಾಗ್ತಿತ್ತು ತಾಯಿ.”

“ಕಿವಿ ಉಳೀತಿತ್ತಾ?”

“ಉಳಿದರೂ ಉಳೀತಿತ್ತು.”

“ಬಿಚ್ಚಬ್ಯಾಡಿ ಅಂದೋಳು ನಾನಲ್ವಾ” ಎಂದು ಅಜ್ಜಿ ಅಳತೊಡಗಿದಳು.

“ನಿಮ್ಮ ತಪ್ಪಲ್ಲ ಅಜ್ಜಿ. ಇನ್ನೊಂದು ಸಲ ಕೇಳೋದು ನನ್ನ ಕೆಲಸ ಆಗಿತ್ತು.”

ಸಾಕಮ್ಮ ಕೂಸನ್ನು ಎದೆಗವಚಿಕೊಂಡು ಗೋಡೆಯ ಕಡೆ ತಿರುಗಿದಳು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ನಿರಂಜನ ನದಿಯ ಮೆಟ್ಟಿಲಿಗೆ ಬಂದ. ಗುರುಗಳು ಕೈ ತೊಳೆಯುತ್ತಿದ್ದರು.

“ನನಗೆ ಯೋಗ್ಯತೆ ಇಲ್ಲ ಗುರುಗಳೇ. ಇನ್ನು ಮೇಲೆ ಯಾವ ಮಗುವನ್ನೂ ನಾನು ಮುಟ್ಟಲ್ಲ.”

ಗುರುಗಳು ಪಂಚೆಯ ಅಂಚಿಗೆ ಕೈ ಒರೆಸಿಕೊಂಡು ಅವನ ಮುಖ ನೋಡಿದರು.

“ಮುಟ್ಟದೇ ಇದ್ದದ್ದಕ್ಕೇ ಅಲ್ಲವೇನಪ್ಪಾ ಇಷ್ಟೆಲ್ಲ ಆದದ್ದು?”